ದುರ್ಬಲ ಕೊಂಡಿಯ ರಸಾಯನ: ಸಾವಯವ ಪೆರಾಕ್ಸೈಡ್‌ಗಳನ್ನು ತಯಾರಿಸುವುದು, ಶುದ್ಧಗೊಳಿಸುವುದು, ಕಾಪಾಡುವುದು

2017ರ ಆಗಸ್ಟ್ 25ರಂದು ಹಾರ್ವಿ ಚಂಡಮಾರುತ ಅಮೆರಿಕದ ಟೆಕ್ಸಾಸ್ ಕರಾವಳಿಗೆ ಅಪ್ಪಳಿಸಿತು. ಹ್ಯೂಸ್ಟನ್ ನಗರದ ಈಶಾನ್ಯಕ್ಕಿರುವ ಕ್ರಾಸ್ಬಿ ಎಂಬ ಊರಿನಲ್ಲಿ ಅರ್ಕೆಮಾ ಕಂಪನಿಯ ಕಾರ್ಖಾನೆಯಿದೆ. ಅಲ್ಲಿ ತಯಾರಾಗುತ್ತಿದ್ದ ಸಾವಯವ ಪೆರಾಕ್ಸೈಡ್ ಎಂಬ ರಾಸಾಯನಿಕಗಳನ್ನು ಶೀತಲ ಗೋದಾಮುಗಳಲ್ಲಿ ಇಡಬೇಕಾಗಿತ್ತು. ಪ್ರವಾಹದ ನೀರು ಏರಿದಾಗ ವಿದ್ಯುತ್ ಹೋಯಿತು, ಅದರ ಬದಲಿಗೆಂದು ಇಟ್ಟಿದ್ದ ಜನರೇಟರುಗಳೂ ನೀರುಪಾಲಾದವು. ಮಳೆಯ ನಡುವೆಯೇ ಕಾರ್ಖಾನೆಯ ಸಿಬ್ಬಂದಿ ಸುಮಾರು 3,50,000 ಪೌಂಡ್, ಅಂದರೆ ಹತ್ತಿರಹತ್ತಿರ 160 ಟನ್ ಸರಕನ್ನು ಗೋದಾಮುಗಳಿಂದ ಒಂಬತ್ತು ಶೈತ್ಯಾಗಾರದ ಟ್ರೇಲರುಗಳಿಗೆ ಸಾಗಿಸಿದರು. ಆ ಟ್ರೇಲರುಗಳ ತಂಪು ಯಂತ್ರಗಳೂ ನೀರಿನಲ್ಲಿ ಕೈಕೊಡತೊಡಗಿದಾಗ ಉಳಿದಿದ್ದವರನ್ನು ದೋಣಿಯಲ್ಲಿ ಹೊರಗೆ ಕರೆತರಲಾಯಿತು. ಆಗಸ್ಟ್ 31ರ ನಸುಕಿನಲ್ಲಿ ಮೊದಲ ಟ್ರೇಲರು ತಾನಾಗಿ ಹೊತ್ತಿಕೊಂಡಿತು, ಮರುದಿನ ಇನ್ನೆರಡು ಉರಿದವು, ಉಳಿದ ಆರನ್ನು ಸೆಪ್ಟೆಂಬರ್ 3ರಂದು ಅಧಿಕಾರಿಗಳೇ ಸುಟ್ಟುಹಾಕಿದರು. ಸುತ್ತ ಒಂದೂವರೆ ಮೈಲಿಯೊಳಗಿನ ಇನ್ನೂರಕ್ಕೂ ಹೆಚ್ಚು ನಿವಾಸಿಗಳು ಒಂದು ವಾರ ಮನೆಗೆ ಮರಳಲಾಗಲಿಲ್ಲ, ಹೊಗೆ ಸೇವಿಸಿದ 21 ಮಂದಿಗೆ ವೈದ್ಯಕೀಯ ನೆರವು ಬೇಕಾಯಿತು.

ಅಲ್ಲಿ ಯಾರೂ ಕಡ್ಡಿ ಗೀರಿರಲಿಲ್ಲ, ತಂಪು ತಪ್ಪಿದ್ದೇ ಬೆಂಕಿಗೆ ಸಾಕಾಗಿತ್ತು. ಇಂಥ ವಸ್ತುವನ್ನು ಯಾಕೆ ತಯಾರಿಸುತ್ತಾರೆ, ಹೇಗೆ ತಯಾರಿಸುತ್ತಾರೆ, ತಯಾರಿಸುವಾಗಲೇ ಅದು ಯಾಕೆ ಹೊತ್ತಿಕೊಳ್ಳುವುದಿಲ್ಲ ಎಂಬ ಪ್ರಶ್ನೆಗಳು ರಸಾಯನಶಾಸ್ತ್ರ ಓದದವರಿಗೂ ಏಳುವಂಥವು. ಅವುಗಳಿಗೆ ಉತ್ತರ ಅರಿಯಲು ಎರಡು ಆಮ್ಲಜನಕ ಪರಮಾಣುಗಳ ನಡುವಿನ ಒಂದು ಕೊಂಡಿಯಿಂದ ಆರಂಭಿಸಬೇಕು.

ಎರಡು ಆಮ್ಲಜನಕಗಳ ನಡುವಿನ ಕೊಂಡಿ

ಆಮ್ಲಜನಕದ ಪರಮಾಣುವಿಗೆ ಎರಡು ಕೈಗಳಿವೆ ಎಂದು ಭಾವಿಸಿಕೊಳ್ಳಬಹುದು. ನೀರಿನ ಅಣುವಿನಲ್ಲಿ ಅದು ಎರಡೂ ಕೈಗಳಲ್ಲಿ ಒಂದೊಂದು ಜಲಜನಕವನ್ನು ಹಿಡಿದಿರುತ್ತದೆ, ಆದ್ದರಿಂದ ನೀರು ಸ್ಥಿರವಾದ ವಸ್ತು. ಪೆರಾಕ್ಸೈಡ್‌ಗಳಲ್ಲಿ ಒಂದು ಆಮ್ಲಜನಕ ಒಂದು ಕೈಯಲ್ಲಿ ಬೇರೇನನ್ನೋ ಹಿಡಿದು, ಇನ್ನೊಂದು ಕೈಯಲ್ಲಿ ಮತ್ತೊಂದು ಆಮ್ಲಜನಕದ ಕೈಯನ್ನೇ ಹಿಡಿದಿರುತ್ತದೆ. ಎರಡೂ ಪರಮಾಣುಗಳ ಮೇಲೆ ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿಗಳು ಇರುವುದರಿಂದ, ಅಷ್ಟು ಹತ್ತಿರ ಬಂದಾಗ ಅವು ಪರಸ್ಪರ ತಳ್ಳಾಡುತ್ತವೆ. ಹಾಗಾಗಿ ಹಿಡಿತ ಸಡಿಲ. ಇಂಗಾಲ–ಇಂಗಾಲ ಬಂಧವನ್ನು ಮುರಿಯಲು ಒಂದು ಮೋಲ್‌ಗೆ ಸುಮಾರು 350 ಕಿಲೋಜೂಲ್ ಶಕ್ತಿ ಬೇಕಾದರೆ, ಸಾವಯವ ಪೆರಾಕ್ಸೈಡ್‌ಗಳ ಆಮ್ಲಜನಕ–ಆಮ್ಲಜನಕ ಬಂಧಕ್ಕೆ ಅದರ ಅರ್ಧದ ಆಸುಪಾಸಿನಷ್ಟು ಅಥವಾ ಅದಕ್ಕೂ ಕಡಿಮೆ ಸಾಕು.

‘ಸಾವಯವ’ ಎಂಬ ಪದವನ್ನು ಕೇಳಿದಾಗ ನಮಗೆ ರಾಸಾಯನಿಕ ಗೊಬ್ಬರವಿಲ್ಲದ ಕೃಷಿ ನೆನಪಾಗುತ್ತದೆ. ಇಲ್ಲಿ ಅದಕ್ಕೆ ಆ ಅರ್ಥವಿಲ್ಲ. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಗಳನ್ನು ಸಾವಯವ ಎನ್ನುತ್ತಾರೆ. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ, ಫ್ರಾನ್ಸಿನ ಲೂಯಿ ಜಾಕ್ ತೆನಾರ್ 1818ರಲ್ಲಿ ಕಂಡುಹಿಡಿದ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಆಮ್ಲಜನಕದ ಜೋಡಿಯ ಎರಡೂ ಬದಿಗೆ ಜಲಜನಕವಿದೆ. ಅವುಗಳಲ್ಲಿ ಒಂದರ ಅಥವಾ ಎರಡರ ಜಾಗದಲ್ಲಿ ಇಂಗಾಲದ ಗುಂಪು ಕುಳಿತರೆ ಅದು ಸಾವಯವ ಪೆರಾಕ್ಸೈಡ್ ಆಗುತ್ತದೆ. ಒಂದೇ ಬದಿಗೆ ಇಂಗಾಲವಿದ್ದು ಇನ್ನೊಂದು ಬದಿಗೆ ಜಲಜನಕ ಉಳಿದಿದ್ದರೆ ಅದನ್ನು ಹೈಡ್ರೋಪೆರಾಕ್ಸೈಡ್ ಎಂದು ಕರೆಯುತ್ತಾರೆ. ಸಾವಯವ ಪೆರಾಕ್ಸೈಡ್‌ಗಳ ವರ್ಗದ ಮೊದಲ ವಸ್ತುವಾದ ಬೆಂಜಾಯಿಲ್ ಪೆರಾಕ್ಸೈಡನ್ನು ಇಂಗ್ಲೆಂಡಿನ ಬೆಂಜಮಿನ್ ಬ್ರೋಡಿ 1858ರಲ್ಲಿ ತಯಾರಿಸಿದರು. ಇಂದು ಮೊಡವೆಗೆ ಹಚ್ಚುವ ಎಷ್ಟೋ ಮುಲಾಮುಗಳಲ್ಲಿ ಶೇ 2.5ರಿಂದ 10ರಷ್ಟು ಇರುವುದು ಇದೇ.

ಈ ಇಂಗಾಲದ ಗುಂಪೇ ವಿಷಯವನ್ನು ಗಂಭೀರಗೊಳಿಸುತ್ತದೆ. ಉರಿಯಲು ಉರುವಲು, ಆಮ್ಲಜನಕ, ಶಾಖ ಮೂರೂ ಬೇಕು. ಸಾವಯವ ಪೆರಾಕ್ಸೈಡ್‌ನಲ್ಲಿ ಉರುವಲು (ಇಂಗಾಲ, ಜಲಜನಕ) ಮತ್ತು ಆಮ್ಲಜನಕ ಒಂದೇ ಅಣುವಿನೊಳಗೆ ಅಕ್ಕಪಕ್ಕ ಕುಳಿತಿವೆ, ಕೊಂಡಿ ಮುರಿದಾಗ ಶಾಖವೂ ಒಳಗಿಂದಲೇ ಬರುತ್ತದೆ.

ಮುರಿಯುವುದೇ ಇದರ ಕೆಲಸ

ಕಾರ್ಖಾನೆಗಳಿಗೆ ಈ ದುರ್ಬಲತೆಯೇ ಬೇಕು. ಕೊಂಡಿ ನಡುವೆ ಸಮನಾಗಿ ಮುರಿದಾಗ ಎರಡು ತುಂಡುಗಳು ಉಂಟಾಗುತ್ತವೆ, ಒಂದೊಂದರಲ್ಲೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಇಂಥ ತುಂಡನ್ನು ರ‍್ಯಾಡಿಕಲ್ ಎನ್ನುತ್ತಾರೆ. ಅದು ಒಂದು ಕೈ ಖಾಲಿಯಿರುವ ಅಣು. ಎದುರಿಗೆ ಸಿಕ್ಕ ಎಥಿಲೀನ್ ಅಣುವಿನ ಕೈಯನ್ನು ಅದು ಹಿಡಿದರೆ, ಎಥಿಲೀನ್‌ನ ಮತ್ತೊಂದು ಕೈ ಖಾಲಿಯಾಗುತ್ತದೆ, ಅದು ಮುಂದಿನ ಎಥಿಲೀನನ್ನು ಹಿಡಿಯುತ್ತದೆ. ಹೀಗೆ ಸಾವಿರಾರು ಅಣುಗಳು ಸಾಲುಗಟ್ಟಿದರೆ ಪಾಲಿಥೀನ್ ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ತೀರ ಸ್ವಲ್ಪ ಪೆರಾಕ್ಸೈಡ್ ಒಂದು ದೊಡ್ಡ ಪ್ರಮಾಣದ ಕಚ್ಚಾವಸ್ತುವನ್ನು ಬೇರೆಯದೇ ವಸ್ತುವನ್ನಾಗಿ ಮಾಡಿಬಿಡುತ್ತದೆ. ಆದರೆ ಹೆಪ್ಪು ಮೊಸರಿನಲ್ಲಿ ಬೆಳೆಯುತ್ತದೆ, ಪೆರಾಕ್ಸೈಡ್ ಮಾತ್ರ ಕೆಲಸ ಆರಂಭಿಸಿ ತಾನು ಮುಗಿದುಹೋಗುತ್ತದೆ.

ಒಂದೊಂದು ಉದ್ಯಮಕ್ಕೂ ಒಂದೊಂದು ತಾಪದಲ್ಲಿ ಮುರಿಯುವ ಪೆರಾಕ್ಸೈಡ್ ಬೇಕಾಗುತ್ತದೆ. ಆಯ್ಕೆಗೆ ಬಳಸುವ ಅಳತೆ ‘ಹತ್ತು ಗಂಟೆಯ ಅರ್ಧಾಯುಷ್ಯದ ತಾಪ’, ಅಂದರೆ ದ್ರಾವಣದಲ್ಲಿರುವ ಪೆರಾಕ್ಸೈಡ್‌ನ ಅರ್ಧಭಾಗ ಹತ್ತು ಗಂಟೆಯಲ್ಲಿ ಮುರಿದುಹೋಗುವ ತಾಪಮಾನ. ಬೆಂಜಾಯಿಲ್ ಪೆರಾಕ್ಸೈಡ್‌ಗೆ ಇದು ಸುಮಾರು 73 ಡಿಗ್ರಿ ಸೆಲ್ಸಿಯಸ್, ಡೈಕ್ಯುಮೈಲ್ ಪೆರಾಕ್ಸೈಡ್‌ಗೆ ಸುಮಾರು 115 ಡಿಗ್ರಿ. ನೀರಿನ ಪೈಪುಗಳಿಗೆ ಬಳಸುವ ಪಿವಿಸಿ ತಯಾರಾಗುವುದು 50–60 ಡಿಗ್ರಿಯ ಆಸುಪಾಸಿನಲ್ಲಿ, ಆದ್ದರಿಂದ ಅದಕ್ಕೆ ಪೆರಾಕ್ಸಿಡೈಕಾರ್ಬೊನೇಟ್ ಎಂಬ ಇನ್ನೂ ಸೂಕ್ಷ್ಮವಾದ ಗುಂಪು ಬೇಕು. ತಗ್ಗಿನ ತಾಪದಲ್ಲಿ ಕೆಲಸ ಮಾಡುವ ಪೆರಾಕ್ಸೈಡ್ ಗೋದಾಮಿನ ತಾಪದಲ್ಲೂ ನಿಧಾನವಾಗಿ ಮುರಿಯುತ್ತಿರುತ್ತದೆ. ಕ್ರಾಸ್ಬಿಯಲ್ಲಿ ಶೀತಲ ಗೋದಾಮು ಬೇಕಾಗಿದ್ದದ್ದು ಇದಕ್ಕೇ.

ಪಾಲಿಥೀನ್, ಪಿವಿಸಿಗಳಲ್ಲದೆ, ಈಗಾಗಲೇ ತಯಾರಾದ ಪ್ಲಾಸ್ಟಿಕ್ಕಿನ ಎಳೆಗಳನ್ನು ಅಡ್ಡಡ್ಡವಾಗಿ ಹೆಣೆಯುವುದಕ್ಕೂ ಇವು ಬೇಕು. ಮೆತ್ತನೆಯ ಚಪ್ಪಲಿಯ ಅಟ್ಟೆ, ಹೆಚ್ಚು ವೋಲ್ಟೇಜಿನ ನೆಲದಡಿಯ ಕೇಬಲ್ಲಿನ ಹೊದಿಕೆ, ತಾರಸಿಯ ಸೌರಫಲಕದಲ್ಲಿ ಗಾಜಿಗೂ ಕೋಶಗಳಿಗೂ ನಡುವೆ ಇರುವ ಪಾರದರ್ಶಕ ಹಾಳೆ, ಇವುಗಳಲ್ಲಿ ಬಹುಪಾಲು ಗಟ್ಟಿಯಾಗುವುದು ಪೆರಾಕ್ಸೈಡ್ ಮಾಡುವ ಹೆಣಿಗೆಯಿಂದ. ದಂತವೈದ್ಯರ ಬಳಿ ಮಾಡಿಸುವ ಅಕ್ರಿಲಿಕ್ ಕಟ್ಟುಹಲ್ಲಿನ ಪುಡಿಯಲ್ಲೂ ಬೆಂಜಾಯಿಲ್ ಪೆರಾಕ್ಸೈಡ್ ಇರುತ್ತದೆ.

ಜೀರಿಗೆಯ ಹೆಸರು ಹೊತ್ತ ರಾಸಾಯನಿಕ

ಕಾರ್ಖಾನೆಗಳಲ್ಲಿ ಸಾವಯವ ಪೆರಾಕ್ಸೈಡ್ ತಯಾರಿಸಲು ಸ್ಥೂಲವಾಗಿ ಎರಡು ದಾರಿಗಳಿವೆ. ಒಂದು, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಈಗಾಗಲೇ ಇರುವ ಆಮ್ಲಜನಕದ ಜೋಡಿಯನ್ನು ಬೇರೊಂದು ಇಂಗಾಲದ ಸಂಯುಕ್ತಕ್ಕೆ ವರ್ಗಾಯಿಸುವುದು. ಮಾರುಕಟ್ಟೆಯ ಬಹುತೇಕ ವಿಶೇಷ ಪೆರಾಕ್ಸೈಡ್‌ಗಳು ಹೀಗೆ, ಕಡಿಮೆ ತಾಪದಲ್ಲಿ, ಚಿಕ್ಕ ಚಿಕ್ಕ ಕಂತುಗಳಲ್ಲಿ ಅಥವಾ ನಿರಂತರ ಹರಿವಿನಲ್ಲಿ ತಯಾರಾಗುತ್ತವೆ. ಇನ್ನೊಂದು, ಗಾಳಿಯ ಆಮ್ಲಜನಕವನ್ನೇ ನೇರವಾಗಿ ಬಳಸುವುದು. ಪ್ರಮಾಣದ ದೃಷ್ಟಿಯಿಂದ ನೋಡಿದರೆ ಎರಡನೆಯದೇ ದೊಡ್ಡದು. ಅದರ ಅತಿ ಸ್ಪಷ್ಟ ಉದಾಹರಣೆ ಕ್ಯುಮೀನ್ ಹೈಡ್ರೋಪೆರಾಕ್ಸೈಡ್.

ಕ್ಯುಮೀನ್ ಎಂಬ ಹೆಸರು ಬಂದಿರುವುದು ಜೀರಿಗೆಯ ಲ್ಯಾಟಿನ್ ಹೆಸರಿನಿಂದ, ಏಕೆಂದರೆ ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರಿಗೆ ಅದು ಮೊದಲು ಸಿಕ್ಕಿದ್ದು ಜೀರಿಗೆಯ ಎಣ್ಣೆಗೆ ಸಂಬಂಧಿಸಿದ ಆಮ್ಲದಿಂದ. ಇಂದು ಅದನ್ನು ಪೆಟ್ರೋಲಿಯಂನಿಂದ ಬರುವ ಬೆಂಜೀನ್ ಮತ್ತು ಪ್ರೊಪಿಲೀನ್ ಸೇರಿಸಿ ತಯಾರಿಸುತ್ತಾರೆ. ಜರ್ಮನಿಯ ಹೈನ್‌ರಿಕ್ ಹಾಕ್ ಮತ್ತು ಶಾನ್ ಲಾಂಗ್ 1944ರಲ್ಲಿ, ಕ್ಯುಮೀನ್‌ಗೆ ಗಾಳಿ ಹಾಯಿಸಿ ಸಿಗುವ ಹೈಡ್ರೋಪೆರಾಕ್ಸೈಡನ್ನು ಆಮ್ಲದಿಂದ ಸೀಳಿದರೆ ಫಿನಾಲ್ ಮತ್ತು ಅಸಿಟೋನ್ ಎರಡೂ ಸಿಗುತ್ತವೆ ಎಂದು ಪ್ರಕಟಿಸಿದರು. ಸೋವಿಯತ್ ಒಕ್ಕೂಟದಲ್ಲಿ ರುಡಾಲ್ಫ್ಸ್ ಉದ್ರಿಸ್ ಸ್ವತಂತ್ರವಾಗಿ ಇದೇ ದಾರಿಯನ್ನು ಕಂಡುಕೊಂಡಿದ್ದರು, ಮೊದಲ ಕಾರ್ಖಾನೆ 1949ರಲ್ಲಿ ಅಲ್ಲಿನ ಜೆರ್‌ಜಿನ್‌ಸ್ಕ್‌ನಲ್ಲಿ ಆರಂಭವಾಯಿತು. ಈಗ ಜಗತ್ತಿನ ಫಿನಾಲ್‌ನ ಬಹುಪಾಲು ಹೀಗೆಯೇ ತಯಾರಾಗುತ್ತದೆ. ಭಾರತದಲ್ಲಿ ಕೇರಳದ ಅಂಬಲಮುಗಳಿನ ಹಿಂದೂಸ್ತಾನ್ ಆರ್ಗ್ಯಾನಿಕ್ ಕೆಮಿಕಲ್ಸ್, ಗುಜರಾತಿನ ದಹೇಜ್‌ನ ದೀಪಕ್ ಫಿನಾಲಿಕ್ಸ್ ಈ ವಿಧಾನದವು. ಪ್ಲೈವುಡ್ಡಿನ ಅಂಟು, ಪಾಲಿಕಾರ್ಬೊನೇಟ್ ಹಾಳೆ, ಎಪಾಕ್ಸಿ ಬಣ್ಣಗಳ ಮೂಲದಲ್ಲಿ ಫಿನಾಲ್ ಇದೆ. ಒಂದು ಟನ್ ಫಿನಾಲ್ ಜೊತೆಗೆ ಸುಮಾರು 0.6 ಟನ್ ಅಸಿಟೋನ್ ತಾನಾಗಿ ಬರುತ್ತದೆ.

ವಿಧಾನದ ಮೊದಲ ಹಂತದಲ್ಲಿ ಎತ್ತರದ ಪಾತ್ರೆಗಳಲ್ಲಿ ಕ್ಯುಮೀನ್ ತುಂಬಿ, ಸುಮಾರು 80ರಿಂದ 120 ಡಿಗ್ರಿಯಲ್ಲಿ ಕೆಳಗಿನಿಂದ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹಾಯಿಸುತ್ತಾರೆ. ಆಮ್ಲಜನಕದ ಅಣು ಕ್ಯುಮೀನ್‌ನ ಒಂದು ನಿರ್ದಿಷ್ಟ ಇಂಗಾಲದ ಬಳಿ ಬಂದು ಕೂರುತ್ತದೆ. ಇಲ್ಲಿಯೂ ಸರಪಳಿಯ ಕ್ರಿಯೆಯೇ ನಡೆಯುತ್ತದೆ, ಅದನ್ನು ಆರಂಭಿಸುವ ರ‍್ಯಾಡಿಕಲ್‌ಗಳು ಬರುವುದು ಅದಾಗಲೇ ಉಂಟಾಗಿರುವ ಅಲ್ಪಸ್ವಲ್ಪ ಹೈಡ್ರೋಪೆರಾಕ್ಸೈಡ್‌ನಿಂದ. ಹೀಗೆ ತಯಾರಾದ ಸರಕೇ ಮುಂದಿನ ತಯಾರಿಕೆಗೆ ಚಾಲನೆ ಕೊಡುವುದರಿಂದ ಆರಂಭ ನಿಧಾನ, ನಂತರ ವೇಗ ಹೆಚ್ಚು.

ಇಡೀ ಕ್ಯುಮೀನನ್ನು ಒಂದೇ ಸಲಕ್ಕೆ ಪರಿವರ್ತಿಸಿಬಿಡಬಹುದಲ್ಲ ಎಂದು ಕೇಳಬಹುದು. ಆದರೆ ಹೈಡ್ರೋಪೆರಾಕ್ಸೈಡ್ ಶೇ 20–30 ತಲಪುತ್ತಿದ್ದಂತೆ ಕ್ರಿಯೆಯನ್ನು ನಿಲ್ಲಿಸುತ್ತಾರೆ. ಅದಕ್ಕಿಂತ ಮುಂದೆ ಹೋದರೆ ಹೊಸದಾಗಿ ಆಗುವುದರ ಜೊತೆಗೆ ಆಗಿರುವುದೂ ಮುರಿಯತೊಡಗುತ್ತದೆ, ಬೇಡದ ಉಪವಸ್ತುಗಳು ಹೆಚ್ಚುತ್ತವೆ, ಹೊರಹಾಕಬೇಕಾದ ಶಾಖವೂ ಏರುತ್ತದೆ. ಉಳಿದ ಕ್ಯುಮೀನ್ ವ್ಯರ್ಥವಾಗುವುದಿಲ್ಲ, ಅದನ್ನು ಬೇರ್ಪಡಿಸಿ ಮತ್ತೆ ಮೊದಲ ಪಾತ್ರೆಗೆ ಕಳಿಸುತ್ತಾರೆ. ಪಾತ್ರೆಯಿಂದ ಹೊರಬೀಳುವ ಗಾಳಿಯಲ್ಲಿ ಉಳಿದ ಆಮ್ಲಜನಕ ಕ್ಯುಮೀನ್ ಆವಿಯೊಂದಿಗೆ ಸೇರಿ ಹೊತ್ತಿಕೊಳ್ಳುವ ಮಟ್ಟಕ್ಕೆ ಏರದಂತೆ ಸದಾ ಅಳೆಯುತ್ತಿರುತ್ತಾರೆ.

ಮುಂದಿನ ಹಂತ ಗಾಢಗೊಳಿಸುವುದು. ಅದರ ನಂತರದ್ದು ಸೀಳುವುದು. ಸುಮಾರು ಶೇ 80ಕ್ಕೆ ಏರಿಸಿದ ಹೈಡ್ರೋಪೆರಾಕ್ಸೈಡನ್ನು ತೀರ ಅಲ್ಪ ಪ್ರಮಾಣದ ಗಂಧಕಾಮ್ಲವಿರುವ ದೊಡ್ಡ ದ್ರವರಾಶಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತಾರೆ, ಅಲ್ಲಿ ಅದು ಕೂಡಲೇ ಫಿನಾಲ್ ಮತ್ತು ಅಸಿಟೋನ್ ಆಗಿ ಒಡೆಯುತ್ತದೆ. ಆಗ ಹೊಮ್ಮುವ ಶಾಖ ಬಹಳ. ಕೆಲವು ಕಾರ್ಖಾನೆಗಳು ಅದನ್ನು ಹೊರತೆಗೆಯಲು ಅಸಿಟೋನನ್ನೇ ಕುದಿಯಲು ಬಿಡುತ್ತವೆ. ಒಲೆ ಎಷ್ಟೇ ಉರಿದರೂ ನೀರಿರುವವರೆಗೆ ಪಾತ್ರೆ 100 ಡಿಗ್ರಿ ದಾಟದಂತೆ, ಅಸಿಟೋನ್ ಆವಿಯಾಗುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ. ಆ ಆವಿಯನ್ನು ಮೇಲೆ ತಂಪಾಗಿಸಿ ಮತ್ತೆ ಕೆಳಗೆ ಇಳಿಸುತ್ತಾರೆ.

ಯಾವುದರಿಂದ ಶುದ್ಧ?

ಸಾಮಾನ್ಯ ರಾಸಾಯನಿಕವನ್ನು ಶುದ್ಧಗೊಳಿಸಬೇಕೆಂದರೆ ಮೊದಲು ನೆನಪಾಗುವುದು ಬಟ್ಟಿ ಇಳಿಸುವುದು: ಕುದಿಸಿ, ಆವಿಯನ್ನು ಹಿಡಿದು ತಂಪಾಗಿಸುವುದು. ಬಹುತೇಕ ಸಾವಯವ ಪೆರಾಕ್ಸೈಡ್‌ಗಳಿಗೆ ಈ ದಾರಿ ಮುಚ್ಚಿದೆ, ಏಕೆಂದರೆ ಕುದಿಯುವ ತಾಪಕ್ಕೆ ಬಹಳ ಮೊದಲೇ ಅವು ಮುರಿಯುತ್ತವೆ. ಆದ್ದರಿಂದ ಪೆರಾಕ್ಸೈಡನ್ನು ಕದಲಿಸದೆ, ಅದರ ಸುತ್ತಲಿನದನ್ನು ತೆಗೆಯುವ ಉಪಾಯಗಳನ್ನು ಹುಡುಕಿಕೊಳ್ಳಬೇಕಾಯಿತು.

ಕ್ಯುಮೀನ್ ಹೈಡ್ರೋಪೆರಾಕ್ಸೈಡನ್ನು ಗಾಢಗೊಳಿಸುವಾಗ ಆವಿಯಾಗುವುದು ಕ್ಯುಮೀನ್, ಪೆರಾಕ್ಸೈಡ್ ದ್ರವವಾಗಿಯೇ ಕೆಳಗೆ ಉಳಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು 100 ಡಿಗ್ರಿಗೆ ಮೊದಲೇ, ಸುಮಾರು 93–94 ಡಿಗ್ರಿಯಲ್ಲಿ ಕುದಿಯುತ್ತದೆ. ಕಾರ್ಖಾನೆಯಲ್ಲಿ ನಿರ್ವಾತ ಪಂಪುಗಳು ಒತ್ತಡವನ್ನು ಅದಕ್ಕಿಂತ ಬಹಳ ಕೆಳಗೆ ಇಳಿಸಿದಾಗ, ಸಾಧಾರಣವಾಗಿ 152 ಡಿಗ್ರಿಯಲ್ಲಿ ಕುದಿಯುವ ಕ್ಯುಮೀನ್ 100 ಡಿಗ್ರಿಗಿಂತ ಕೆಳಗೇ ಆವಿಯಾಗಿ ಹೊರಡುತ್ತದೆ. ದ್ರವವನ್ನು ತೆಳು ಪದರವಾಗಿ ಬಿಸಿ ಮೇಲ್ಮೈಯ ಮೇಲೆ ಹರಿಸುವುದರಿಂದ ಅದು ಬಿಸಿಯಲ್ಲಿ ಉಳಿಯುವ ಸಮಯವೂ ಕಡಿಮೆಯಾಗುತ್ತದೆ.

ಎರಡನೆಯ ಉಪಾಯ ತೊಳೆಯುವುದು. ನೀರಿನಲ್ಲಿ ಬೆರೆಯದ ಪೆರಾಕ್ಸೈಡನ್ನು ನೀರಿನಿಂದಲೂ ಸೌಮ್ಯ ಕ್ಷಾರದ ದ್ರಾವಣದಿಂದಲೂ ತೊಳೆದರೆ ಎಣ್ಣೆ–ನೀರಿನಂತೆ ಎರಡು ಪದರಗಳಾಗುತ್ತವೆ, ಆಮ್ಲ, ಲವಣ, ಲೋಹದ ಅಂಶಗಳು ನೀರಿನ ಪದರಕ್ಕೆ ಹೋಗುತ್ತವೆ. ಇದು ಸಣ್ಣ ಕೆಲಸದಂತೆ ಕಂಡರೂ ನನ್ನ ದೃಷ್ಟಿಯಲ್ಲಿ ಇಡೀ ಉದ್ಯಮದ ಮುಖ್ಯ ಹಂತ ಇದೇ. ಕಬ್ಬಿಣ, ಕೋಬಾಲ್ಟ್, ತಾಮ್ರದಂಥ ಲೋಹಗಳ ಅಯಾನುಗಳು (ವಿದ್ಯುದಾವೇಶ ಹೊತ್ತ ಪರಮಾಣುಗಳು) ಎಲೆಕ್ಟ್ರಾನನ್ನು ಕೊಟ್ಟು ತೆಗೆದುಕೊಳ್ಳುವ ಮೂಲಕ ಪೆರಾಕ್ಸೈಡ್‌ನ ಕೊಂಡಿಯನ್ನು ತಣ್ಣನೆಯ ಸ್ಥಿತಿಯಲ್ಲೇ ಮುರಿಯಬಲ್ಲವು. ಹಾಗೆ ಮುರಿದ ಮೇಲೂ ಅವು ಮುಗಿಯುವುದಿಲ್ಲ, ಒಂದೇ ಅಯಾನು ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ತುಕ್ಕಿನ ಒಂದು ಚೂರು, ಬೇರೆ ಕೆಲಸಕ್ಕೆ ಬಳಸಿದ ಸೌಟು, ನೆಲಕ್ಕೆ ಚೆಲ್ಲಿ ಮತ್ತೆ ಡಬ್ಬಿಗೆ ಸುರಿದ ಒಂದು ಲೋಟ ಸರಕು ಇಡೀ ಪೀಪಾಯಿಯನ್ನು ಕೆಡಿಸಲು ಸಾಕು. ಪಾತ್ರೆಗಳು ಗಾಜಿನ ಒಳಪದರದವು, ಸ್ಟೇನ್‌ಲೆಸ್ ಸ್ಟೀಲಿನವು ಅಥವಾ ಸೂಕ್ತ ಪ್ಲಾಸ್ಟಿಕ್ಕಿನವು ಆಗಿರುವುದಕ್ಕೂ, ಡಬ್ಬಿಯಿಂದ ಒಮ್ಮೆ ಹೊರತೆಗೆದದ್ದನ್ನು ಮರಳಿ ಹಾಕಬಾರದು ಎಂಬ ಕಟ್ಟುನಿಟ್ಟಿಗೂ ಇದೇ ಕಾರಣ. ಆಮ್ಲದ ಮಾತೂ ಹಾಗೆಯೇ. ಸೀಳುವ ಪಾತ್ರೆಯಲ್ಲಿ ಬೇಕೆಂದೇ ಬಿಟ್ಟ ಗಂಧಕಾಮ್ಲ ಫಿನಾಲ್ ಕೊಡುತ್ತದೆ, ಅದೇ ಆಮ್ಲ ಹಿಂದಿನ ಹಂತದ ಗಾಢ ಹೈಡ್ರೋಪೆರಾಕ್ಸೈಡ್‌ನ ತೊಟ್ಟಿಗೆ ಹರಿದರೆ ತಡೆಯಲಾಗದ ವಿಘಟನೆ ಆರಂಭವಾಗುತ್ತದೆ. ಮರಳಿ ಬರುವ ಕ್ಯುಮೀನನ್ನು ಕ್ಷಾರದಲ್ಲಿ ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಅದರಲ್ಲಿ ಫಿನಾಲ್ ಉಳಿದಿದ್ದರೆ ಅದು ರ‍್ಯಾಡಿಕಲ್‌ಗಳನ್ನು ಹಿಡಿದು ನುಂಗಿ ಗಾಳಿಯೊಂದಿಗಿನ ಕ್ರಿಯೆಯನ್ನೇ ತಡೆಯುತ್ತದೆ.

ಮೂರನೆಯ ಉಪಾಯ ಹರಳುಗಟ್ಟಿಸುವುದು. ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಘನವಸ್ತುಗಳು ಹರಳಾಗಿ ಬೇರೆಯಾದಾಗ ಅವನ್ನು ಸೋಸಿ, ನೀರಿನಲ್ಲಿ ತೊಳೆಯುತ್ತಾರೆ. ಮಾಮೂಲಾಗಿ ಇದರ ನಂತರ ಒಣಗಿಸಬೇಕು. ಇಲ್ಲಿ ಮಾತ್ರ ನೀರನ್ನು ಉಳಿಸಿಕೊಳ್ಳುತ್ತಾರೆ. ಮಾರುಕಟ್ಟೆಯ ಬೆಂಜಾಯಿಲ್ ಪೆರಾಕ್ಸೈಡ್‌ನ ಸಾಮಾನ್ಯ ರೂಪದಲ್ಲಿ ಸುಮಾರು ಕಾಲು ಭಾಗ ನೀರೇ ಇರುತ್ತದೆ. ಒಣಗಿದ ಹರಳು ಉಜ್ಜಿದರೂ ಬಡಿದರೂ ಸ್ಫೋಟಿಸಬಲ್ಲದು. ಒದ್ದೆಯ ಹರಳಿನ ಶಾಖವನ್ನು ನೀರು ಹೀರಿಕೊಳ್ಳುತ್ತದೆ, ಒಂದು ಹರಳಿನಿಂದ ಇನ್ನೊಂದಕ್ಕೆ ಬೆಂಕಿ ದಾಟದಂತೆ ತಡೆಯುತ್ತದೆ. 2003ರ ಜನವರಿ 2ರಂದು ಅಮೆರಿಕದ ಓಹಾಯೊ ರಾಜ್ಯದ ಗ್ನಾಡೆನ್‌ಹಟನ್‌ನ ಒಂದು ಕಾರ್ಖಾನೆಯಲ್ಲಿ ಸುಮಾರು 200 ಪೌಂಡ್ ಬೆಂಜಾಯಿಲ್ ಪೆರಾಕ್ಸೈಡನ್ನು ನಿರ್ವಾತದ ಯಂತ್ರದಲ್ಲಿ ಒಣಗಿಸುತ್ತಿದ್ದಾಗ ಆದ ಸ್ಫೋಟ, ನೀರು ಕಳೆದುಕೊಳ್ಳುವ ಹಂತ ಎಷ್ಟು ಅಪಾಯದ್ದು ಎಂಬುದನ್ನು ತೋರಿಸಿತು. ನೀರು ಹೊಂದದ ಪೆರಾಕ್ಸೈಡ್‌ಗಳಿಗೆ ಖನಿಜ ತೈಲ, ಸಿಲಿಕೋನ್ ತೈಲ ಅಥವಾ ಥ್ಯಾಲೇಟ್ ವರ್ಗದ ದ್ರವಗಳನ್ನು ಬೆರೆಸುತ್ತಾರೆ.

ಹೀಗೆ ಈ ಉದ್ಯಮದಲ್ಲಿ ‘ಶುದ್ಧ’ ಎಂಬ ಮಾತಿಗೆ ನಾವು ತುಪ್ಪಕ್ಕೋ ಚಿನ್ನಕ್ಕೋ ಬಳಸುವ ಅರ್ಥವಿಲ್ಲ. ಲೋಹ ಮತ್ತು ಆಮ್ಲಗಳನ್ನು ಸಾಧ್ಯವಾದಷ್ಟೂ ತೆಗೆಯುತ್ತಾರೆ, ನೀರು ಅಥವಾ ಎಣ್ಣೆಯನ್ನು ಬೇಕೆಂದೇ ಉಳಿಸುತ್ತಾರೆ ಅಥವಾ ಸೇರಿಸುತ್ತಾರೆ. ನೂರಕ್ಕೆ ನೂರು ಪೆರಾಕ್ಸೈಡ್ ಇರುವ ಡಬ್ಬಿ ಬಹಳಷ್ಟು ಸಂದರ್ಭಗಳಲ್ಲಿ ಯಾರಿಗೂ ಬೇಡವಾದ ಸರಕು.

ಕೊಂಡಿ ಮುರಿಯದಂತೆ ಶುದ್ಧಗೊಳಿಸುವ ಈ ಪ್ರಶ್ನೆ ವೈದ್ಯಕೀಯದ ಒಂದು ದೊಡ್ಡ ಘಟನೆಯಲ್ಲೂ ಎದುರಾಗಿತ್ತು. ಚೀನಾದ ಟು ಯುಯು 1971ರಲ್ಲಿ ಮಲೇರಿಯಾದ ಔಷಧಿಗಾಗಿ ಒಂದು ಮೂಲಿಕೆಯ ಸತ್ವವನ್ನು ತೆಗೆಯಲು ಪ್ರಯತ್ನಿಸುತ್ತಿದ್ದರು. ಕಾಯಿಸಿ ತೆಗೆದ ಕಷಾಯ ಕೆಲಸ ಮಾಡುತ್ತಿರಲಿಲ್ಲ. ಕಡಿಮೆ ತಾಪದಲ್ಲಿ ಕುದಿಯುವ ಈಥರ್ ಬಳಸಿ ತಣ್ಣಗೆ ತೆಗೆದಾಗ ಮಾತ್ರ ಗುಣ ಉಳಿಯಿತು. ಆ ಸತ್ವವೇ ಆರ್ಟಿಮಿಸಿನಿನ್, ಅದರ ಅಣುವಿನ ನಡುವೆ ಪೆರಾಕ್ಸೈಡ್ ಕೊಂಡಿ ಇದೆ. ಮಲೇರಿಯಾ ಪರೋಪಜೀವಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದು ಬಿಡುಗಡೆ ಮಾಡುವ ಕಬ್ಬಿಣವೇ ಆ ಕೊಂಡಿಯನ್ನು ಮುರಿದು, ಪರೋಪಜೀವಿಯನ್ನು ಕೊಲ್ಲುವ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಪೀಪಾಯಿಯಲ್ಲಿ ಶತ್ರುವಾದ ಕಬ್ಬಿಣ ಇಲ್ಲಿ ರೋಗಿಯ ಪರವಾಗಿ ಕೆಲಸ ಮಾಡುತ್ತದೆ. ಟು ಯುಯು ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹಸಿ ಹುಲ್ಲಿನ ಬಣವೆಯ ಲೆಕ್ಕ

ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಬಿಸಿ ಏಳುತ್ತದೆ, ಕೆಲವೊಮ್ಮೆ ಹೊರಗಿನಿಂದ ಕಿಡಿ ತಾಕದೆಯೂ ಹೊತ್ತಿಕೊಳ್ಳುತ್ತದೆ ಎಂಬುದು ರೈತರಿಗೆ ಗೊತ್ತು. ಅದೇ ಹುಲ್ಲನ್ನು ಕಣದಲ್ಲಿ ತೆಳ್ಳಗೆ ಹರಡಿದ್ದರೆ ಏನೂ ಆಗುವುದಿಲ್ಲ. ಎರಡರಲ್ಲೂ ಹುಟ್ಟುವ ಶಾಖ ಒಂದೇ, ಬಣವೆಯ ನಡುವಿನ ಶಾಖಕ್ಕೆ ಹೊರಹೋಗುವ ದಾರಿ ಮಾತ್ರ ದೂರ. ಪೆರಾಕ್ಸೈಡ್‌ನ ಡಬ್ಬಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಡಬ್ಬಿಯೊಳಗೆ ಸದಾ ಅಷ್ಟಿಷ್ಟು ಅಣುಗಳು ಮುರಿಯುತ್ತಿರುತ್ತವೆ, ಅದರಿಂದ ಸ್ವಲ್ಪ ಶಾಖ ಹುಟ್ಟುತ್ತದೆ. ಹುಟ್ಟಿದಷ್ಟೂ ಶಾಖ ಡಬ್ಬಿಯ ಗೋಡೆಯ ಮೂಲಕ ಹೊರಗೆ ಹೋದರೆ ತಾಪ ಏರುವುದಿಲ್ಲ. ತೊಡಕಿರುವುದು ಎರಡರ ವೇಗದಲ್ಲಿ. ತಾಪ ಹತ್ತು ಡಿಗ್ರಿ ಏರಿದರೆ ಹಲವು ಪೆರಾಕ್ಸೈಡ್‌ಗಳ ವಿಘಟನೆಯ ವೇಗ ಮೂರರಿಂದ ಐದು ಪಟ್ಟಾಗುತ್ತದೆ, ಹೊರಹೋಗುವ ಶಾಖ ಮಾತ್ರ ಒಳಗಿನ ಮತ್ತು ಹೊರಗಿನ ತಾಪದ ವ್ಯತ್ಯಾಸಕ್ಕೆ ತಕ್ಕಷ್ಟೇ ಹೆಚ್ಚುತ್ತದೆ. ಒಂದು ಹಂತ ದಾಟಿದ ಮೇಲೆ ಖರ್ಚು ಆದಾಯವನ್ನು ಹಿಡಿಯಲಾರದು: ಶಾಖ ತಾಪವನ್ನು ಏರಿಸುತ್ತದೆ, ಏರಿದ ತಾಪ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಈ ಸಮತೋಲನದ ಗಣಿತವನ್ನು 1920ರ ದಶಕದಲ್ಲಿ ರೂಪಿಸಿದವರು ಸೋವಿಯತ್ ವಿಜ್ಞಾನಿ ನಿಕೊಲಾಯ್ ಸೆಮ್ಯೊನೊವ್. ಸರಪಳಿ ಕ್ರಿಯೆಗಳ ಮೇಲಿನ ಕೆಲಸಕ್ಕಾಗಿ ಅವರಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು.

ಒಂದು ನಿರ್ದಿಷ್ಟ ಪೊಟ್ಟಣದಲ್ಲಿರುವ ಸರಕು ಏಳು ದಿನಗಳೊಳಗೆ ಹೀಗೆ ಕೈಮೀರಿ ಹೋಗಬಹುದಾದ ಅತಿ ಕಡಿಮೆ ಹೊರತಾಪವನ್ನು ‘ಸ್ವಯಂ ವೇಗವರ್ಧಿತ ವಿಘಟನೆಯ ತಾಪ’ ಎಂದು ಕರೆಯುತ್ತಾರೆ. ಇದು ವಸ್ತುವಿನ ಗುಣ ಮಾತ್ರವಲ್ಲ, ಪೊಟ್ಟಣದ ಗಾತ್ರಕ್ಕೂ ಸೇರಿದ್ದು. ಹತ್ತು ಸೆಂಟಿಮೀಟರ್ ಉದ್ದಗಲದ ಘನಾಕಾರದ ಡಬ್ಬಿಗಿಂತ ಒಂದು ಮೀಟರಿನ ತೊಟ್ಟಿ ಸಾವಿರ ಪಟ್ಟು ಸರಕು ಹಿಡಿಯುತ್ತದೆ, ಅದರ ಗೋಡೆಗಳ ವಿಸ್ತಾರ ನೂರು ಪಟ್ಟು ಮಾತ್ರ. ಲೋಟದ ಕಾಫಿ ಬೇಗ ಆರಿ, ಆಲೆಮನೆಯ ಕೊಪ್ಪರಿಗೆ ಗಂಟೆಗಟ್ಟಲೆ ಬಿಸಿಯಾಗಿ ಉಳಿಯುವುದೂ ಇದರಿಂದಲೇ. ಆದ್ದರಿಂದ ಚಿಕ್ಕ ಡಬ್ಬಿಯಲ್ಲಿ ಸುರಕ್ಷಿತವಾದ ಪೆರಾಕ್ಸೈಡ್ ಅದೇ ತಾಪದಲ್ಲಿ ದೊಡ್ಡ ತೊಟ್ಟಿಯಲ್ಲಿ ಸುರಕ್ಷಿತವಾಗಿರಬೇಕೆಂದಿಲ್ಲ. ತೀರ ಸೂಕ್ಷ್ಮವಾದವನ್ನು ಚಿಕ್ಕ ಡಬ್ಬಿಗಳಲ್ಲೇ ಮಾರುವ ಪದ್ಧತಿ ಇಲ್ಲಿಂದ ಬಂದದ್ದು.

ಗಾಡಿ ಏರುವ ಮುನ್ನ

ಅಪಾಯಕಾರಿ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆ ರೂಪಿಸಿದ ವರ್ಗೀಕರಣದಲ್ಲಿ ಸಾವಯವ ಪೆರಾಕ್ಸೈಡ್‌ಗಳದ್ದು 5.2 ಎಂಬ ವಿಭಾಗ. ಲಾರಿಯ ಮೇಲಿನ ವಜ್ರಾಕೃತಿಯ ಫಲಕದ ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇದ್ದು, ಜ್ವಾಲೆಯ ಚಿತ್ರ ಮತ್ತು ಈ ಸಂಖ್ಯೆ ಇದ್ದರೆ ಒಳಗಿರುವುದು ಇವೇ. ಕೆಂಪು ಉರುವಲನ್ನೂ ಹಳದಿ ಆಮ್ಲಜನಕ ಕೊಡುವ ಗುಣವನ್ನೂ ಸೂಚಿಸುತ್ತದೆ. ಅದರೊಳಗೆ ಎ ಇಂದ ಜಿ ವರೆಗೆ ಏಳು ಬಗೆಗಳಿವೆ. ಎ ಬಗೆಯದು ಪೊಟ್ಟಣದಲ್ಲೇ ಸ್ಫೋಟಿಸಬಲ್ಲದ್ದರಿಂದ ಸಾಗಿಸಲು ಅನುಮತಿಯಿಲ್ಲ, ಜಿ ಬಗೆಯದು ಈ ವಿಭಾಗದ ಕಟ್ಟಳೆಗಳಿಂದ ಮುಕ್ತ.

ತಂಪಿನಲ್ಲಿ ಸಾಗಿಸಬೇಕಾದವಕ್ಕೆ ಎರಡು ಗಡಿಗಳನ್ನು ಹಾಕುತ್ತಾರೆ. ಒಂದು ಪೊಟ್ಟಣ ಕೈಮೀರುವ ತಾಪ 10 ಡಿಗ್ರಿ ಎಂದಿಟ್ಟುಕೊಂಡರೆ, ಪ್ರಯಾಣದುದ್ದಕ್ಕೂ ಅದು ಸೊನ್ನೆಗಿಂತ ಕೆಳಗೆ 10 ಡಿಗ್ರಿಯನ್ನು ಮೀರಬಾರದು; ಸೊನ್ನೆ ಡಿಗ್ರಿ ಮುಟ್ಟಿದರೆ ತುರ್ತು ಕ್ರಮಗಳು ಆರಂಭವಾಗಬೇಕು. ಅತಿಯಾಗಿ ತಣ್ಣಗಿಡುವುದೂ ತಪ್ಪೇ, ಏಕೆಂದರೆ ಕೆಲವು ದ್ರಾವಣಗಳಲ್ಲಿ ಪೆರಾಕ್ಸೈಡ್ ಹರಳಾಗಿ ಎಣ್ಣೆಯಿಂದ ಬೇರ್ಪಟ್ಟು, ಎಣ್ಣೆ ಬೆರೆಸಿ ತೆಳುವಾಗಿಸಿದ್ದರ ಉದ್ದೇಶವೇ ಕೆಡುತ್ತದೆ.

ಕ್ರಾಸ್ಬಿಯಲ್ಲಿ ವಿದ್ಯುತ್ತು, ಜನರೇಟರು, ಶೀತಲ ಟ್ರೇಲರು ಎಂಬ ಮೂರು ಆಸರೆಗಳಿದ್ದವು. ಮೂರಕ್ಕೂ ಒಂದೇ ಶತ್ರುವಿದ್ದದ್ದು ತೊಡಕಾಯಿತು, ಒಂದು ಆಸರೆಯನ್ನು ಕೆಡಿಸಿದ ಪ್ರವಾಹವೇ ಉಳಿದೆರಡನ್ನೂ ಕೆಡಿಸಿತು. ಘಟನೆಯನ್ನು ತನಿಖೆ ಮಾಡಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2018ರ ವರದಿಯಲ್ಲಿ ಒತ್ತಿ ಹೇಳಿದ್ದು, ಕಾರ್ಖಾನೆಗಳು ಪ್ರವಾಹದಂಥ ವಿಪತ್ತುಗಳನ್ನು ತಮ್ಮ ಅಪಾಯದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕೆಂಬುದನ್ನೇ.

ದೋಣಿಯ ಕೊಟ್ಟಿಗೆ, ಕಾಲೇಜಿನ ಕಪಾಟು

ಕರ್ನಾಟಕದ ಕರಾವಳಿಯಲ್ಲಿ ಫೈಬರ್ ದೋಣಿ ತಯಾರಿಸುವವರು, ದುರಸ್ತಿ ಮಾಡುವವರು ಗಾಜಿನ ನಾರಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಹಚ್ಚುವಾಗ ಕೊನೆಗೆ ಬೆರೆಸುವ ಹಾರ್ಡ್ನರ್ ಸಾಮಾನ್ಯವಾಗಿ ಒಂದು ಸಾವಯವ ಪೆರಾಕ್ಸೈಡ್‌ನ ದ್ರಾವಣ. ಅದರ ಜೊತೆಗೆ ಬರುವ ನೇರಳೆ ಛಾಯೆಯ ಆಕ್ಸಿಲರೇಟರ್‌ನಲ್ಲಿ ಕೋಬಾಲ್ಟ್ ಇರುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್ನರ್ ಹಾಕಬೇಕು ಎಂಬ ಕ್ರಮ ಯಾಕಿದೆ ಎಂಬುದು ಲೋಹಗಳ ಬಗ್ಗೆ ಮೇಲೆ ಹೇಳಿದ್ದರಿಂದ ಸ್ಪಷ್ಟವಾಗುತ್ತದೆ: ಎರಡು ಬಾಟಲಿಗಳ ದ್ರವ ನೇರವಾಗಿ ಒಂದರ ಮೇಲೊಂದು ಬಿದ್ದರೆ ಬೆಂಕಿಯೋ ಸ್ಫೋಟವೋ ಆಗುತ್ತದೆ. ಎರಡನ್ನೂ ಬೇರೆ ಬೇರೆ ಕಡೆ, ಬಿಸಿಲು ಬೀಳದಲ್ಲಿ ಇಡಬೇಕು. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಹಾನಿಯಾಗಬಹುದಾದ್ದರಿಂದ ಕನ್ನಡಕವಿಲ್ಲದೆ ಅಳೆಯಬಾರದು, ಸಿಡಿದರೆ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಚೆಲ್ಲಿದ್ದನ್ನು ಮರದ ಹೊಟ್ಟಿನಿಂದಲೋ ಬಟ್ಟೆಯಿಂದಲೋ ಒರೆಸಿ ಮೂಲೆಗೆ ಎಸೆದರೆ ಅದು ನಂತರ ತಾನಾಗಿ ಹೊತ್ತಿಕೊಳ್ಳಬಹುದು.

ಯಾರೂ ತಯಾರಿಸದೆಯೂ ಪೆರಾಕ್ಸೈಡ್‌ಗಳು ಹುಟ್ಟುವ ಜಾಗ ಇನ್ನೊಂದಿದೆ. ಪದವಿ ಕಾಲೇಜುಗಳ ಪ್ರಯೋಗಾಲಯದ ಕಪಾಟಿನಲ್ಲಿರುವ ಡೈಈಥೈಲ್ ಈಥರ್, ಟೆಟ್ರಾಹೈಡ್ರೋಫ್ಯೂರಾನ್‌ನಂಥ ದ್ರಾವಕಗಳು ಮುಚ್ಚಳ ತೆರೆದ ಮೇಲೆ ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಸೇರಿ, ಫಿನಾಲ್ ಕಾರ್ಖಾನೆಯಲ್ಲಿ ಕ್ಯುಮೀನ್‌ಗೆ ಆಗುವುದಕ್ಕೆ ಹೋಲುವ ಕ್ರಿಯೆಯನ್ನು ಬಾಟಲಿಯೊಳಗೆ ತಾವೇ ನಡೆಸುತ್ತವೆ. ಬೆಳಕು ಅದನ್ನು ಚುರುಕುಗೊಳಿಸುತ್ತದೆ. ದ್ರಾವಕ ಆವಿಯಾಗುತ್ತಾ ಹೋದಂತೆ ಪೆರಾಕ್ಸೈಡ್ ತಳದಲ್ಲೂ ಮುಚ್ಚಳದ ಸುರುಳಿಗಳಲ್ಲೂ ಗಾಢವಾಗಿ ಉಳಿಯುತ್ತದೆ, ಹಳೆಯ ಈಥರನ್ನು ಪೂರ್ತಿ ಒಣಗುವವರೆಗೆ ಬಟ್ಟಿ ಇಳಿಸಿದಾಗ ಕೊನೆಯಲ್ಲಿ ಸ್ಫೋಟವಾಗುವುದೂ ಇದಕ್ಕೇ. ಆದ್ದರಿಂದ ಇಂಥ ಬಾಟಲಿಯ ಮೇಲೆ ತಂದ ದಿನಾಂಕವನ್ನೂ ತೆರೆದ ದಿನಾಂಕವನ್ನೂ ಬರೆಯಬೇಕು, ಪೆರಾಕ್ಸೈಡ್ ಹುಟ್ಟುವುದನ್ನು ತಡೆಯುವ ಬಿಎಚ್‌ಟಿ ಬೆರೆಸಿದ ಬಗೆಯನ್ನು ಚಿಕ್ಕ ಬಾಟಲಿಗಳಲ್ಲಿ ಕೊಳ್ಳಬೇಕು, ಬಳಸುವ ಮುನ್ನ ಪರೀಕ್ಷಾ ಪಟ್ಟಿಯಲ್ಲಿ ನೋಡಬೇಕು. ಮುಚ್ಚಳದ ಸುತ್ತ ಅಥವಾ ದ್ರವದೊಳಗೆ ಬಿಳಿಯ ಹರಳು ಕಂಡ ಬಾಟಲಿಯನ್ನು ತಿರುಗಿಸಿ ನೋಡುವುದಾಗಲಿ, ಮುಚ್ಚಳ ಸಡಿಲಿಸುವುದಾಗಲಿ, ಎತ್ತಿ ಬೇರೆಡೆ ಇಡುವುದಾಗಲಿ ಸಲ್ಲದು. ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಇಂಥದ್ದನ್ನು ವಿಲೇವಾರಿ ಮಾಡಬಲ್ಲ ತಜ್ಞರಿಗೆ ತಿಳಿಸಬೇಕು.